ರೊಟ್ಟಿ ಮನೆಯ ಗುಂ ಸದ್ದು

ಮೊಮ್ಮಕ್ಕಳೇ, ಮೊನ್ನೆ ನೀವು ನನ್ನ ಕಿವಿಗೆ ಹೆಡ್‌ಫೋನ್ ಹಾಕಿ, "ಆಯಿ, ಈಗ ನೋಡು" ಎಂದು ಒಂದು ಗುಂಡಿ ಒತ್ತಿದಿರಿ. ತಲೆಯ ಮೇಲಿನ ಫ್ಯಾನು ತಿರುಗುತ್ತಲೇ ಇತ್ತು. ಅದರ ಸದ್ದು ಮಾತ್ರ ಯಾರೋ ಕೌದಿ ಹೊದಿಸಿದಂತೆ ಕೆಳಗಿಳಿಯಿತು. ನಾನು ಬೆರಗಾಗಲಿ ಎಂದು ಕಾದು ನಿಂತಿರಿ. "ಇದು ನನಗ ಗೊತ್ತದ. ನಮ್ಮ ರೊಟ್ಟಿ ಮನ್ಯಾಗ ಇದರ ದೊಡ್ಡಪ್ಪ ಅದ" ಎಂದೆ. ನೀವು ನಕ್ಕಿರಿ. ಬಾಯಿಬಿಟ್ಟು ಹೇಳಲು ಹೋದರೆ ನಡುವೆಯೇ ನಾಚಿಕೆಯಾಗಿ ನಿಲ್ಲಿಸಿಬಿಡುತ್ತೇನೆಂದು ನಿಮಗೂ ಗೊತ್ತು. ಅದಕ್ಕೆ ಬರೆದು ಕೊಡುತ್ತಿದ್ದೇನೆ. ದಂಡೋತಿಯ ಶಾಲೆಯಲ್ಲಿ ಏಳನೇ ತರಗತಿವರೆಗೆ ಕಲಿತ ಕನ್ನಡ ಇದು. ತಪ್ಪಿದ್ದಲ್ಲಿ ತಿದ್ದಿಕೊಂಡು ಓದಿ.

ನಿಮ್ಮ ಅಜ್ಜ ಹೋದ ಮೇಲೆ ನಾನು ಹೊಸ್ತಿಲು ದಾಟುವುದನ್ನೇ ಬಿಟ್ಟಿದ್ದೆ. ಯಾರಾದರೂ ಬಂದರೆ ಒಳಕೋಣೆಗೆ ಹೋಗಿ ನಿಲ್ಲುತ್ತಿದ್ದೆ. ನೀವು ಬಾಜೂಮನಿ ಆಯಿ ಎಂದು ಕರೆಯುವ ನನ್ನ ಗೆಳತಿ ಒಂದು ಮುಂಜಾನೆ ಬಂದಳು. ನನ್ನ ಕೈಯಲ್ಲಿದ್ದ ಕಸಬರಿಗೆ ಕಸಿದು ಮೂಲೆಗೆಸೆದಳು. "ಗ್ವಾಡಿ ನೋಡ್ಕೋತ ಕುಂದ್ರಾದ್ಕಿಂತ ಒಲಿ ನೋಡ್ಕೋತ ಕುಂದ್ರು, ಬಾ" ಎಂದು, ಶಹಾಬಾದಿನ ನಮ್ಮ ಓಣಿಯ ಕೊನೆಗಿರುವ ಮಹಿಳಾ ಸಂಘದ ರೊಟ್ಟಿ ಮನೆಗೆ ಎಳೆದುಕೊಂಡು ಹೋದಳು. ಅಲ್ಲಿ ಅವಳದು ಮೂರನೇ ಒಲೆ. ನನ್ನನ್ನು ಪಕ್ಕದ ನಾಲ್ಕನೇ ಒಲೆಯ ಮುಂದೆ ಕೂರಿಸಿದಳು. ಯಾರು ಏನು ಕೇಳಿದರೂ ನಾನು ತಲೆಯಾಡಿಸಿ ಸುಮ್ಮನಿರುತ್ತಿದ್ದೆನಾದ್ದರಿಂದ ನನಗೆ ಮೂಕಿ ಎಂದು ಹೆಸರಿಟ್ಟವಳೂ ಅವಳೇ.

ಆ ರೊಟ್ಟಿ ಮನೆ ಮೊದಲು ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಗೋದಾಮು. ನೆಲ ಕಲ್ಲು, ಗೋಡೆ ಕಲ್ಲು, ಮೇಲೆ ಹಾಸಿದ್ದೂ ಕಲ್ಲಿನ ಚಪ್ಪಡಿ. ಒಂದು ಗೋಡೆಗುಂಟ ಸಾಲಾಗಿ ಕಟ್ಟಿಗೆಯ ಒಲೆಗಳು. ವಾಡಿ, ಸೇಡಂ, ಚಿತ್ತಾಪುರದ ಖಾನಾವಳಿಗಳಿಗೆ ನಮ್ಮ ರೊಟ್ಟಿ ಹೋಗುತ್ತದೆ. ಹೆಚ್ಚಿನದು ಖಡಕ್ ರೊಟ್ಟಿ. ಹಂಚಿನ ಮೇಲೆ ಬೆಂದದ್ದನ್ನು ಒಲೆಯ ಬಾಯಿಗೆ ಒರಗಿಸಿ ನಿಲ್ಲಿಸಿ, ಕೆಂಡದ ಕಾವಿಗೆ ಗರಿಗರಿಯಾಗಿಸಬೇಕು. ಗ್ಯಾಸಿನ ಮೇಲೆಯೂ ಮಾಡಬಹುದು, ಆದರೆ ತಿನ್ನುವವರಿಗೆ ಗೊತ್ತಾಗಿಬಿಡುತ್ತದೆ. ಹಾಗಾಗಿ ನಮಗೆ ಕಟ್ಟಿಗೆಯೇ, ಕಟ್ಟಿಗೆಯ ಜೊತೆ ಹೊಗೆ.

ಆ ಹೊಗೆ ಗೆಳತಿಯ ಎದೆ ಹಿಡಿದಿತ್ತು. ಕೆಮ್ಮಲು ಶುರು ಮಾಡಿದರೆ ಕೈಯಲ್ಲಿನ ರೊಟ್ಟಿ ಹರಿದುಹೋಗುವಷ್ಟು ಕೆಮ್ಮುತ್ತಿದ್ದಳು. ಹೊಗೆಯಲ್ಲಿ ಕೂರುವುದಾದರೆ ಔಷಧಿಗೆ ನನ್ನ ಹತ್ತಿರ ಬರಬೇಡ ಎಂದು ಡಾಕ್ಟರು ಬೈದು ಕಳಿಸಿದ್ದರು. ಆಗ ಸಂಘದ ಅಧ್ಯಕ್ಷೆ ಓಡಾಡಿ ದೊಡ್ಡ ಫ್ಯಾನೊಂದನ್ನು ತರಿಸಿದಳು. ತಗಡಿನ ಕೆಲಸದ ಚಾಚಾ ಒಲೆಗಳ ಮೇಲೆ ಉದ್ದಕ್ಕೂ ತಗಡಿನ ಛತ್ರಿ ಕೂರಿಸಿ, ಅದರಿಂದ ಆಳು ಒಳಗೆ ತೂರುವಷ್ಟು ದಪ್ಪದ ಕೊಳವೆ ಎಳೆದು, ಹಿಂದಿನ ಗೋಡೆಯ ಆಚೆ ಫ್ಯಾನು ಕೂರಿಸಿದರು. ಚಾಲೂ ಮಾಡಿದ ಕೂಡಲೇ ಹೊಗೆ ದಾರಿ ಗೊತ್ತಿದ್ದ ದನದಂತೆ ಸೀದಾ ಮೇಲೆ ಹೋಯಿತು. ಎಷ್ಟೋ ವರ್ಷಕ್ಕೆ ಒಬ್ಬರ ಮುಖ ಒಬ್ಬರಿಗೆ ಸರಿಯಾಗಿ ಕಂಡಿತು. "ಅಯ್ಯ, ನಿನಗ ಇಷ್ಟ್ ಮುಪ್ಪಾಗ್ಯದೇನ?" ಎಂದು ಗೆಳತಿ ನನ್ನನ್ನು ಕೇಳಿದಳು.

ಹೊಗೆ ಹೋಯಿತು, ಗುಂ ಸದ್ದು ಬಂತು.

ಅದು ಜೋರಿನ ಸದ್ದಲ್ಲ. ಶಹಾಬಾದಿನಲ್ಲಿ ನಾವು ಜೋರಿಗೆ ಹೆದರುವವರೂ ಅಲ್ಲ. ಗೂಡ್ಸ್ ರೈಲು ಹೋಗುವಾಗ ಮಾತು ನಿಲ್ಲಿಸಿ, ಹೋದ ಮೇಲೆ ಅದೇ ಮಾತು ಮುಂದುವರಿಸುವುದು ನಮಗೆ ಹುಟ್ಟಿನಿಂದ ರೂಢಿ. ಆದರೆ ರೈಲು ಬಂದು ಹೋಗುತ್ತದೆ. ಇದು ಬಂದು ಕೂತುಬಿಟ್ಟಿತು. ಕಿವಿಗಿಂತ ಹೆಚ್ಚಾಗಿ ಎದೆಗೂಡಿಗೆ, ಹಲ್ಲಿಗೆ ತಾಗುತ್ತಿತ್ತು. ಬಗಲಲ್ಲಿಟ್ಟ ನೀರಿನ ಬಟ್ಟಲಲ್ಲಿ ಸಣ್ಣ ಸಣ್ಣ ಬಳೆಯಂಥ ಅಲೆ ಏಳುತ್ತಿತ್ತು. ಎಲ್ಲರಿಗೂ ಅಷ್ಟಿಷ್ಟು ತಲೆಭಾರ. ಮೂರನೇ ಒಲೆಯ ಮುಂದೆ ಮಾತ್ರ ಅದು ತಲೆ ಹಿಡಿದು ಅಲುಗಿಸಿದಂತೆ. ಮಧ್ಯಾಹ್ನದೊಳಗೆ ಗೆಳತಿಗೆ ತಲೆ ಸುತ್ತಿ ವಾಂತಿ ಬರುತ್ತಿತ್ತು. ಜಾಗ ಬದಲಿಸಿ ನೋಡಿದೆವು. ಅವಳ ಜಾಗದಲ್ಲಿ ಕೂತವಳಿಗೂ ತಲೆನೋವು ಬಂತು. ಬೇರೆ ಒಲೆಗೆ ಹೋದ ಗೆಳತಿಗೆ ಸ್ವಲ್ಪ ಕಡಿಮೆಯಾಯಿತು, ಆದರೆ ಬಿಡಲಿಲ್ಲ. ಆ ಜಾಗವೇ ಸರಿಯಿಲ್ಲ ಎಂದು ಹೆಂಗಸರು ಪಿಸುಗುಟ್ಟಿದರು. ಒಬ್ಬಳು ಒಲೆಯ ಹಿಂದೆ ನಿಂಬೆಹಣ್ಣು ಇಟ್ಟಳು. ಅದು ಕಾವಿಗೆ ಒಣಗಿ ಅಡಿಕೆಯಂತಾಯಿತು.

ಇಲ್ಲಿ ನನ್ನದೊಂದು ಮಾತು ಹೇಳಬೇಕು. ಆ ಸದ್ದಿನಿಂದ ನನಗೊಬ್ಬಳಿಗೇ ಸ್ವಲ್ಪ ಲಾಭವಾಗಿತ್ತು. ನನ್ನವ್ವ ಬೀಸುವಾಗ ಹಾಡುತ್ತಿದ್ದ ಪದಗಳು ನನಗೆ ಬಾಯಿಗೆ ಬರುತ್ತವೆ. ಯಾರ ಮುಂದೆಯೂ ಹಾಡಿದವಳಲ್ಲ, ನಿಮ್ಮ ಅಜ್ಜನ ಮುಂದೆಯೂ ಇಲ್ಲ. ಫ್ಯಾನಿನ ಗುಂ ಸದ್ದಿನ ಕೆಳಗೆ ಯಾರಿಗೂ ಕೇಳುವುದಿಲ್ಲವೆಂಬ ಧೈರ್ಯಕ್ಕೆ, ರೊಟ್ಟಿ ಬಡಿಯುತ್ತ ಹಾಡಿಕೊಳ್ಳತೊಡಗಿದೆ. ಪಕ್ಕದಲ್ಲಿ ಗೆಳತಿ ಹಣೆ ಒತ್ತಿಕೊಳ್ಳುವುದನ್ನು ಕಂಡಾಗ ಹಾಡು ನಿಲ್ಲಿಸಿ ಅವಳ ಹಂಚಿನ ರೊಟ್ಟಿಯನ್ನು ನಾನೇ ತಿರುವಿ ಹಾಕುತ್ತಿದ್ದೆ.

ಸದ್ದು ತಡೆಯಲು ನಮಗೆ ತಿಳಿದದ್ದೆಲ್ಲ ಮಾಡಿದೆವು. ಕಿವಿಗೆ ಹತ್ತಿ ಇಟ್ಟುಕೊಂಡೆವು. ಕೊಳವೆಗೆ ಗೋಣಿಚೀಲ ಸುತ್ತಿ, ಮೇಲೆ ಹಳೆಯ ಕೌದಿ ಕಟ್ಟಿದೆವು. ಚಾಚಾ ಸದ್ದು ನುಂಗುತ್ತದೆಂದು ಗ್ಲಾಸ್‌ವುಲ್ ಎಂಬ ಗಾಜಿನ ಹತ್ತಿಯನ್ನು ತಂದು ಕೊಳವೆಯ ಒಳಮೈಗೆ ಹಾಸಿದರು. ಗಾಳಿಯ ಸುಯ್ಯೆನ್ನುವ ಸದ್ದು ತಗ್ಗಿತು, ಗುಂ ಸದ್ದು ಇನ್ನೂ ಸ್ವಚ್ಛವಾಗಿ ಕೇಳಿತು. ಫ್ಯಾನು ನಿಧಾನ ಮಾಡಿದರೆ ಹೊಗೆ ಕೆಳಗಿಳಿಯಿತು, ಅದರ ಹಿಂದೆ ಗೆಳತಿಯ ಕೆಮ್ಮು.

ಒಂದು ದಿನ ಅವಳು ನಾದುವ ಕೊಣಮಿಗೆಯಲ್ಲಿನ ಹಿಟ್ಟನ್ನು ಅರ್ಧಕ್ಕೇ ಬಿಟ್ಟು ಕೈತೊಳೆದಳು. "ಹೊಗಿ ಇದ್ರ ಎದಿ ಹೋಗ್ತದ, ಫ್ಯಾನ್ ಇದ್ರ ತಲಿ ಹೋಗ್ತದ. ನನ್ನ ಬಲ್ಲಿ ಇರೋವೇ ಇವೆರಡು" ಎಂದಳು. "ಬರೋ ಅಮಾಸಿ ತನಕ ನೋಡ್ತೀನಿ. ಆಮ್ಯಾಲ ಸೇಡಂಗ ಮಗಳ ಬಲ್ಲಿ ಹೋಗ್ತೀನಿ."

"ನಾ?" ಎಂದೆ. ಅಷ್ಟೇ ಬಂತು ಬಾಯಿಗೆ.

"ನೀ ರೊಟ್ಟಿ ಬಡಿ. ನಿನಗೇನಾಗ್ಯದ" ಎಂದು ಹೊರಗೆ ಹೋದಳು.

ಅವಳಿಲ್ಲದ ರೊಟ್ಟಿ ಮನೆಗೆ ನಾನು ಒಂದು ವಾರವೂ ಹೋಗಲಾರೆ ಎಂದು ನನಗೆ ಗೊತ್ತಿತ್ತು. ಮತ್ತೆ ಕಸಬರಿಗೆ, ಮತ್ತೆ ಒಳಕೋಣೆ.

ಅಧ್ಯಕ್ಷೆ ಸುಮ್ಮನೆ ಕೂರುವವಳಲ್ಲ. ಕಂಡಕಂಡವರ ಮುಂದೆ ಫ್ಯಾನಿನ ದೂರು ಹೇಳುತ್ತಿದ್ದಳು. ಹೀಗೆ ಯಾರದೋ ಕಿವಿಯಿಂದ ಯಾರದೋ ಕಿವಿಗೆ ಹೋಗಿ, ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುವ ಒಬ್ಬ ಹುಡುಗಿ ನಮ್ಮಲ್ಲಿಗೆ ಬಂದಳು. ಸದ್ದಿನಿಂದ ಸದ್ದು ತೆಗೆಯುವ ಕೆಲಸ ಅವಳದು. ಅದನ್ನು ಪಾಠದ ಕೋಣೆಯ ಹೊರಗೆ, ಕೆಲಸ ನಡೆಯುವ ಜಾಗದಲ್ಲಿ ಮಾಡಿ ನೋಡಬೇಕೆಂದು ಹುಡುಕುತ್ತಿದ್ದಳಂತೆ. ನಾವು ಅವಳನ್ನು ಮೇಡಂ ಎಂದೆವು. ಊರು ಚಿಂಚೋಳಿ ತಾಲೂಕಿನ ಚಂದ್ರಂಪಳ್ಳಿ ಕಡೆ ಎಂದು ತಿಳಿದಾಗ ಗೆಳತಿ, "ಹಂಗಾದ್ರ ರೊಟ್ಟಿ ಬಡೀಲಿಕ್ಕಿ ಬರ್ತದಿಲ್ಲೋ?" ಎಂದು ಹಿಟ್ಟಿನ ಮುಂದೆ ಕೂರಿಸಿಯೇಬಿಟ್ಟಳು. ಮೇಡಂ ತೋಳು ಮಡಚಿ ಬಡಿದಳು. ರೊಟ್ಟಿ ನಡುವೆ ಹರಿಯಿತು.

"ನಮ್ಮವ್ವಗ ಹೇಳಬ್ಯಾಡ್ರಿ" ಎಂದಳು.

"ಹೇಳಲ್ಲ ಬಿಡು. ನೀ ಆವಾಜ ತಗಿ, ನಾವು ರೊಟ್ಟಿ ನೋಡ್ಕೋತೀವಿ" ಎಂದಳು ಗೆಳತಿ. ಅಂದಿನಿಂದ ಅವಳು ಮುಂದೆ ಮೇಡಂ, ಹಿಂದೆ ನಮ್ಮ ಹುಡುಗಿ.

ಮೊದಲು ಅವಳು ಸದ್ದು ಅಳೆಯುವ ಸಣ್ಣ ಯಂತ್ರ ಹಿಡಿದು ಕೋಣೆಯ ಉದ್ದಗಲ ನಡೆದಳು. ಸದ್ದು ಹೆಚ್ಚಿದ್ದಲ್ಲಿ ನೆಲಕ್ಕೆ ಸುಣ್ಣದ ಕಡ್ಡಿಯಿಂದ ಸೊನ್ನೆ ಸುತ್ತಿದಳು, ಕಡಿಮೆ ಇದ್ದಲ್ಲಿ ಗೆರೆ ಎಳೆದಳು. ಮುಗಿದಾಗ ದೊಡ್ಡ ಸೊನ್ನೆಯೊಂದು ಸರಿಯಾಗಿ ಮೂರನೇ ಒಲೆಯ ಮುಂದೆ ಬಿದ್ದಿತ್ತು.

"ಜಾಗದ್ದು ತಪ್ಪಿಲ್ರಿ ಅಮ್ಮಾ" ಎಂದಳು. "ಕಲ್ಲಿನ ಗ್ವಾಡಿ ಆವಾಜ ನುಂಗಲ್ಲ, ವಾಪಸ್ ಹೊಡಿತದ. ಹೋಗೋದು, ಬರೋದು ಎರಡೂ ಇಲ್ಲಿ ಕೂಡ್ಕೋತಾವ. ದಪ್ಪ ಆವಾಜಿನ ಅಲಿ ಭಾಳ ಉದ್ದ ಇರ್ತದ, ಈ ಬಾಗಲಕ್ಕಿಂತ ಉದ್ದ. ಅದಕ್ಕ ಗೋಣಿಚೀಲ ಹಾಕಿದ್ರ ಗೊತ್ತೇ ಆಗಲ್ಲ."

ಹಾಗಾದರೆ ಏನು ಮಾಡುವುದು ಎಂದು ಅಧ್ಯಕ್ಷೆ ಕೇಳಿದಳು.

"ಪಂಚಮಿ ಜೋಕಾಲಿ ಆಡೀರಿಲ್ಲ? ಜೋಕಾಲಿ ಮುಂದ ಬರೋವಾಗ ಎದುರಿಗಿ ನಿಂತು ನೂಕಿದ್ರ ಏನಾಗ್ತದ?"

"ನೂಕಿದಾಕಿ ಬೀಳ್ತಾಳ" ಎಂದಳು ಗೆಳತಿ.

ಮೇಡಂ ನಗುತ್ತ ಹೇಳಿದಳು: "ಬರೋಬ್ಬರಿ ಅಷ್ಟೇ ಜೋರಿನಾಗ, ಬರೋಬ್ಬರಿ ಅದೇ ಟೈಮಿಗಿ ನೂಕಿದ್ರ ಜೋಕಾಲಿ ನಿಲ್ತದ. ಆವಾಜ ಅಂದ್ರ ಗಾಳಿ ಆಡೋ ಜೋಕಾಲಿ. ಫ್ಯಾನ್ ಮುಂದ ನೂಕಿದಾಗ ನಮ್ಮ ಸ್ಪೀಕರ್ ಹಿಂದ ನೂಕ್ತದ. ಜರಾ ತಡ ಆದ್ರ ಮಾತ್ರ ಉಲ್ಟಾ. ಜೋಕಾಲಿ ಇನ್ನೂ ಮ್ಯಾಲ ಹೋಗ್ತದ."

"ಹಂಗಾದ್ರ ನಮ್ಮ ಮಾತೂ ಹೋಗ್ತಾವೇನ್ರಿ?" ಎಂದು ತುದಿಯ ಒಲೆಯವಳು ಕೇಳಿದಳು.

"ಇಲ್ರಿ. ಮಾತು ಸಣ್ಣ ಆವಾಜ, ಗಳಿಗಿ ಗಳಿಗಿಗಿ ಬದಲಾಗ್ತಾವ. ಇದು ದಪ್ಪಂದು, ಒಂದೇ ಸಮ ಇರೋದು ಅಷ್ಟೇ ಹಿಡಿತದ."

"ಮಾತು ಹಿಡಿಯೋದು ಇದ್ದಿದ್ರ ಅಧ್ಯಕ್ಷರ ಮುಂದೊಂದು ಕೂಡಸ್ತಿದ್ವಿ" ಎಂದಳು ಗೆಳತಿ. ಅಧ್ಯಕ್ಷೆ ಅವಳತ್ತ ಹಿಟ್ಟು ಎರಚಿದಳು.

ಮೊದಲ ಪ್ರಯತ್ನ ಗೆಳತಿಯ ತಲೆಯ ಸುತ್ತಲೇ ನಡೆಯಿತು. ಅವಳ ಹಿಂದೆ ಎರಡು ಬದಿಗೆ ಸ್ಪೀಕರ್ ನಿಲ್ಲಿಸಿ, ಕಿವಿಯ ಹತ್ತಿರ ಒಂದು ಮೈಕು ಇಳಿಬಿಟ್ಟಳು. ಫ್ಯಾನಿನ ಸದ್ದನ್ನು ಮೊದಲೇ ಹಿಡಿದು ತಿಳಿಸಲು ಕೊಳವೆಯ ಕೆಳಗೆ ಇನ್ನೊಂದು ಮೈಕು. ನಡುವೆ ಒಂದು ಸಣ್ಣ ಪೆಟ್ಟಿಗೆ ಲೆಕ್ಕ ಮಾಡುತ್ತಿತ್ತು. ಒಲೆ ಆರಿಸಿ ಎಲ್ಲರೂ ಸುಮ್ಮನೆ ಕೂತಾಗ ಮೇಡಂ ಗುಂಡಿ ಒತ್ತಿದಳು. ಗೆಳತಿಯ ಮುಖ ಸಡಿಲವಾಯಿತು. "ಹೋಯ್ತು ನೋಡು" ಎಂದಳು. ನನ್ನನ್ನೂ ಕರೆದು ಅಲ್ಲಿ ತಲೆ ಇಡಿಸಿದಳು. ಖರೆ, ಅಲ್ಲಿ ಗುಂ ಇರಲಿಲ್ಲ. ತಲೆ ಹಿಂದೆ ತೆಗೆದರೆ ಇತ್ತು. ಒಂದು ಮೊರದಷ್ಟು ಅಗಲದ ಸುಮ್ಮನಿರುವಿಕೆ, ಗಾಳಿಯಲ್ಲಿ ತೂಗುಹಾಕಿದಂತೆ.

ಒಲೆ ಹಚ್ಚಿ ಕೆಲಸಕ್ಕೆ ಕೂತಾಗ ಎಲ್ಲ ಕೆಟ್ಟಿತು. ರೊಟ್ಟಿ ಬಡಿಯುವವಳು ಸುಮ್ಮನೆ ಕೂರುವುದಿಲ್ಲ. ಹಿಟ್ಟು ತಟ್ಟಲು ಮುಂದೆ ಬಾಗುತ್ತಾಳೆ, ಹಂಚಿಗೆ ಹಾಕಲು ಏಳುತ್ತಾಳೆ, ನೀರು ಸವರಲು ಪಕ್ಕಕ್ಕೆ ಓರೆಯಾಗುತ್ತಾಳೆ. ಗೆಳತಿಯ ತಲೆ ಆ ಮೊರದೊಳಗೆ ಬಂದದ್ದಕ್ಕಿಂತ ಹೊರಗೆ ಹೋದದ್ದೇ ಹೆಚ್ಚು. ಸದ್ದು ಇದ್ದು, ಇಲ್ಲವಾಗಿ, ಮತ್ತೆ ಬಂದು, ತಲೆಸುತ್ತು ಇಮ್ಮಡಿಯಾಯಿತು. ಅದರ ಮೇಲೆ ಆ ಎರಡನೇ ಮೈಕು ಫ್ಯಾನಿನ ಜೊತೆ ನಮ್ಮ ಬಡಿತವನ್ನೂ ಕೇಳಿಸಿಕೊಂಡಿತು. ಸಾಲಿನಲ್ಲಿ ಎಲ್ಲರೂ ಒಟ್ಟಿಗೆ ಬಡಿಯುವಾಗ ಸ್ಪೀಕರು ಅದನ್ನೂ ಫ್ಯಾನೆಂದೇ ತಿಳಿದು ಧಡ್ ಧಡ್ ಎಂದು ಉತ್ತರ ಕೊಡತೊಡಗಿತು. ಮೇಡಂ ಲ್ಯಾಪ್‌ಟಾಪಿನ ಮುಂದೆ ಕೂತು ತಿದ್ದಿದಳು, ಮತ್ತೆ ತಿದ್ದಿದಳು. ಗೆಳತಿ ಕೊನೆಗೆ ಮೈಕನ್ನು ಕೈಯಿಂದ ಸರಿಸಿ, "ಅವ್ವಿ, ನೀ ಭಾಳ ಕಷ್ಟಪಟ್ಟಿ. ಸಾಕು ಬಿಡು" ಎಂದಳು.

ಮೇಡಂ ಹೊರಗೆ ಕಟ್ಟೆಯ ಮೇಲೆ ಹೋಗಿ ಕೂತಳು. ನಾನು ಚಹಾ ಒಯ್ದು ಕೊಟ್ಟೆ. ಅವಳು ಚಹಾ ಕುಡಿಯುತ್ತ ಕೊಳವೆಯನ್ನೇ ನೋಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಒಳಗೆ ಬಂದು ಅಧ್ಯಕ್ಷೆಗೆ ಹೇಳಿದಳು: "ತಲಿ ಸುತ್ತ ಹಿಡಿಲಿಕ್ಕಿ ಹೋಗಿದ್ದೇ ತಪ್ಪಾಯ್ತು. ಆವಾಜ ಕೋಣ್ಯಾಗ ಹರಡಿದ ಮ್ಯಾಲ ಹಿಡಿಯೋದು ಆಗಲ್ಲ. ಕೊಳವಿ ಒಳಗೇ ಹಿಡಿಬೇಕು, ಹೊರಗ ಬರೋದಕ್ಕಿಂತ ಮೊದಲು. ಆದ್ರ ಕೊಳವಿ ಕತ್ತರಸಬೇಕಾಗ್ತದ."

ಅಧ್ಯಕ್ಷೆಗೆ ಇದು ಒಪ್ಪಿಗೆಯಾಗಲಿಲ್ಲ. ಕೊಳವೆ ಕತ್ತರಿಸಿದರೆ ಮತ್ತೆ ಜೋಡಿಸುವ ತನಕ ರೊಟ್ಟಿ ಮನೆ ಮುಚ್ಚಬೇಕು. ವಾಡಿಯ ಒಂದು ಮದುವೆಗೆ ರೊಟ್ಟಿ ಒಪ್ಪಿಕೊಂಡಿದ್ದಾಗಿತ್ತು. ಅದಕ್ಕಿಂತ ಹೆಚ್ಚಾಗಿ ಆ ಕೊಳವೆಯ ಮೇಲೆ ಸಂಘದ ಹೆಸರನ್ನು ಕೆಂಪು ಬಣ್ಣದಲ್ಲಿ ಬರೆಸಿದ್ದಳು, ಬಂದವರಿಗೆಲ್ಲ ತೋರಿಸುತ್ತಿದ್ದಳು. "ಒಬ್ಬಾಕಿ ತಲಿಗಿ ಇಡೀ ಕೊಳವಿ ಕತ್ತರಸ್ಬೇಕೇನ್ರಿ? ಇನ್ನೊಂದು ಸಲ ಆಗಲಿಲ್ಲಂದ್ರ?" ಎಂದು ಕೇಳಿದಳು.

"ಆಗಲಿಲ್ಲಂದ್ರ ಆಗಲಿಲ್ಲರಿ. ಆಗ್ತದಂತ ಬರೆದು ಕೊಡಾಕ ಆಗಲ್ಲ ನನಗ" ಎಂದಳು ಮೇಡಂ. ಅವಳು ಸುಳ್ಳು ಭರವಸೆ ಕೊಡಲಿಲ್ಲ, ಅದು ನನಗೆ ಹಿಡಿಸಿತು.

ಅಧ್ಯಕ್ಷೆ ಸಾಲಿನಲ್ಲಿ ಒಬ್ಬೊಬ್ಬರನ್ನೇ ಕೇಳುತ್ತ ಬಂದಳು. ಒಬ್ಬಳು ಬೇಡ ಎಂದಳು, ಇಬ್ಬರು ನೀವು ಹೇಳಿದ ಹಾಗೆ ಎಂದರು. ಗೆಳತಿ ಮುಖ ಆಚೆ ತಿರುಗಿಸಿಕೊಂಡು, "ನನ್ನ ಕೇಳಬ್ಯಾಡ. ನಾ ಹೋಗಾಕಿ" ಎಂದಳು. ನನ್ನ ಸರದಿ ಬಂದಾಗ ಅಧ್ಯಕ್ಷೆ ಕೇಳಲೇ ಇಲ್ಲ, ನಾನು ತಲೆಯಾಡಿಸುವವಳೆಂದು ದಾಟಿ ಹೋದಳು.

"ಕತ್ತರಸ್ರಿ" ಎಂದೆ.

ನನ್ನ ದನಿ ನನಗೇ ಬೇರೆಯವರದೆಂಬಂತೆ ಕೇಳಿತು. ಎಲ್ಲರೂ ತಿರುಗಿದರು. ಅಂಗೈ ಬೆವೆತು ಹಿಟ್ಟು ಅಂಟಿಕೊಂಡಿತು. ಬಾಯಿ ತೆರೆದದ್ದಾಗಿತ್ತು, ಆದ್ದರಿಂದ ಇನ್ನೂ ಒಂದು ಮಾತು ಆಡಿದೆ. "ಮದುವಿ ರೊಟ್ಟಿ ನಾವು ನಮ್ಮ ನಮ್ಮ ಮನ್ಯಾಗ ಬಡದು ಕೊಡೋಣ. ಕೊಳವಿ ಕತ್ತರಸ್ರಿ."

ಅಧ್ಯಕ್ಷೆ ನನ್ನನ್ನು ನೋಡಿದಳು, ಕೊಳವೆಯ ಕೆಂಪು ಅಕ್ಷರಗಳನ್ನು ನೋಡಿದಳು. "ಮೂಕಿ ಬಾಯಿ ಬಿಟ್ಟಾಳಂದ್ರ ನಾ ಏನ್ ಹೇಳ್ಲಿ" ಎಂದು ಚಾಚಾಗೆ ಫೋನು ಮಾಡಿದಳು.

ಮದುವೆಯ ರೊಟ್ಟಿಯನ್ನು ಮನೆಮನೆಯಲ್ಲಿ ಬಡಿದು ಕಳಿಸಿದೆವು. ಅತ್ತ ಚಾಚಾ ಕೊಳವೆ ಕತ್ತರಿಸಿದರು, ಹೆಸರಿನ ಅಕ್ಷರ ತಪ್ಪಿಸಿ, ಅಧ್ಯಕ್ಷೆಯ ಕಣ್ಣ ಮುಂದೆಯೇ. ಕೊಳವೆಯ ಬಗಲಿಗೆ ಒಂದು ಕವಲು ತೆಗೆದು, ಅದರ ತುದಿಗೆ ಟ್ರಂಕಿನಷ್ಟು ದೊಡ್ಡ ಕಟ್ಟಿಗೆಯ ಪೆಟ್ಟಿಗೆ ಜೋಡಿಸಿದರು. ಸ್ಪೀಕರು ಅದರೊಳಗೆ. ಇಷ್ಟು ದೊಡ್ಡದು ಯಾಕೆ ಎಂದು ಕೇಳಿದ್ದಕ್ಕೆ, ದಪ್ಪ ಸದ್ದು ನೂಕಲು ದೊಡ್ಡ ಎದೆ ಬೇಕು ಎಂದಳು ಮೇಡಂ. ಹೊಗೆಯ ದಾರಿಯಿಂದ ದೂರವಿದ್ದುದರಿಂದ ಸ್ಪೀಕರಿಗೆ ಕಾವೂ ಮಸಿಯೂ ತಾಗುವಂತಿರಲಿಲ್ಲ. ಫ್ಯಾನಿನ ಸದ್ದು ಹಿಡಿಯಲು ಈ ಸಲ ಮೈಕು ಇಡಲಿಲ್ಲ. ಫ್ಯಾನಿನ ದಂಡಕ್ಕೆ ಹೊಳೆಯುವ ಕಾಗದದ ತುಂಡು ಅಂಟಿಸಿ, ಎದುರಿಗೆ ಬೆಳಕು ಬೀರುವ ಸಣ್ಣ ಕಣ್ಣು ಕೂರಿಸಿದಳು. ಕಾಗದ ಎದುರು ಬಂದಾಗಲೆಲ್ಲ ಒಂದು ಸುತ್ತು ಎಂದು ಅದಕ್ಕೆ ಗೊತ್ತಾಗುತ್ತದೆ. ಕಣ್ಣಿಗೆ ನಮ್ಮ ರೊಟ್ಟಿಯ ಬಡಿತ ಕೇಳಿಸುವುದಿಲ್ಲವಲ್ಲ. ಕರೆಂಟು ಮಂದವಾಗಿ ಫ್ಯಾನಿನ ವೇಗ ತುಸು ಬದಲಾದರೂ ಅದು ಹಿಂದೆಯೇ ಹೋಗುತ್ತದೆ. ಇನ್ನು ಕೊಳವೆ ಛತ್ರಿಗೆ ಸೇರುವ ಅಂಚಿನಲ್ಲಿ ಒಂದು ಮೈಕು, ಮೇಲೆ ತೆಳು ಮಸ್ಲಿನ್ ಬಟ್ಟೆಯ ಟೊಪ್ಪಿಗೆ. ಸದ್ದು ಇನ್ನೂ ಎಷ್ಟು ಉಳಿದಿದೆ ಎಂದು ಕೇಳಿ ಲೆಕ್ಕದ ಸಣ್ಣ ಪೆಟ್ಟಿಗೆಗೆ ಹೇಳುತ್ತಲೇ ಇರುವುದು ಅದರ ಕೆಲಸ. ನಮ್ಮ ಭಾಷೆಯಲ್ಲಿ ಬೆಳಕಿನದು ಕಣ್ಣು, ಸ್ಪೀಕರು ಬಾಯಿ, ಮೈಕು ಕಿವಿ ಆದವು.

ಯಂತ್ರಕ್ಕೆ ಮೊದಲು ಪಾಠ ಕಲಿಸಬೇಕಿತ್ತು. ಫ್ಯಾನು ಬಂದ್ ಮಾಡಿ, ಸ್ಪೀಕರಿನಿಂದ ತಗಡಿನ ಮೇಲೆ ಮಳೆ ಬಿದ್ದಂಥ ಸದ್ದು ಬಿಟ್ಟಳು. ಬಾಯಿ ಆಡಿದ್ದು ಕಿವಿಗೆ ಮುಟ್ಟಲು ಎಷ್ಟು ಹೊತ್ತು, ದಾರಿಯಲ್ಲಿ ಎಷ್ಟು ಸೊರಗುತ್ತದೆ ಎಂದು ಅದು ಕಲಿಯಬೇಕು. ಕಲಿತ ಮೇಲೆ ಫ್ಯಾನು ಚಾಲೂ ಮಾಡಿ ಸ್ವಲ್ಪ ಹೊತ್ತು ನೋಡಿದಳು. ಲ್ಯಾಪ್‌ಟಾಪಿನಲ್ಲಿ ಕಂಬದಂತೆ ನಿಂತಿದ್ದ ಗೆರೆ ಕುಸಿದು ಮೊಣಕಾಲೂರಿ ಕೂತಿತು. "ನಾಳಿ ಒಲಿ ಹಚ್ಚಿ ಖರೇ ಕೆಲಸದಾಗ ನೋಡೋಣ್ರಿ" ಎಂದು ಹೇಳಿ ಹೋದಳು.

ನಾಳೆ ಅಂದರೆ ಅಮಾವಾಸ್ಯೆ. ಗೆಳತಿ ಹೇಳಿದ್ದ ದಿನ. ಅವಳ ಚೀಲ ಆಗಲೇ ತುಂಬಿ ಮನೆಯ ಬಾಗಿಲ ಹಿಂದೆ ಕೂತಿತ್ತು, ನಾನು ನೋಡಿದ್ದೆ.

ಅಮಾಸಿಗೆ ನಮ್ಮ ಕಡೆ ಲಾರಿಯಿಂದ ಹಿಡಿದು ಹೊಲಿಗೆ ಯಂತ್ರದವರೆಗೆ ಎಲ್ಲಕ್ಕೂ ಪೂಜೆ. ಮುಂಜಾನೆ ನಾವೆಲ್ಲ ಸೇರಿ ರೊಟ್ಟಿ ಮನೆ ತೊಳೆದೆವು, ಒಲೆ ಸಾರಿಸಿದೆವು, ಫ್ಯಾನಿಗೆ ಹೂ ಏರಿಸಿದೆವು. ಹೊಸದಾಗಿ ಬಂದ ಯಂತ್ರವನ್ನು ಬಿಡುವುದುಂಟೇ? ಗೆಳತಿಯೇ ಮುಂದೆ ನಿಂತಳು. ವಿಭೂತಿ ತೇಯ್ದು, ಕಟ್ಟಿಗೆಯ ಪೆಟ್ಟಿಗೆಗೆ ಮೂರು ಬೆರಳು ಎಳೆದಳು. ಸ್ಟೂಲು ಹತ್ತಿ ಮೇಲೂ ಎಲ್ಲೆಲ್ಲಿ ಕೈ ಮುಟ್ಟಿತೋ ಅಲ್ಲಲ್ಲಿ ಎಳೆದಳು. ಕುಂಕುಮ ಇಟ್ಟಳು. ಕಣ್ಣು ಮುಚ್ಚಿ ಏನೋ ಬೇಡಿಕೊಂಡಳು. ಏನೆಂದು ಯಾರೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಮಧ್ಯಾಹ್ನ ಮೇಡಂ ಬಂದಳು. ಒಲೆ ಹಚ್ಚಿದೆವು, ಫ್ಯಾನು ಹಾಕಿದೆವು. ಅವಳು ಗುಂಡಿ ಒತ್ತಿದಳು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಗುಂ ಸದ್ದು ಹೊಟ್ಟೆ ಉಬ್ಬಿಸುತ್ತ ದೊಡ್ಡದಾಯಿತು. ತಗಡಿನ ಛತ್ರಿ ಗಡಗಡ ನಡುಗಿತು, ಚಪ್ಪಡಿಯ ಸಂದಿನಿಂದ ಮಣ್ಣು ಉದುರಿ ಹಿಟ್ಟಿನಲ್ಲಿ ಬಿತ್ತು. ಗೆಳತಿ ತಲೆ ಹಿಡಿದುಕೊಂಡು ಹೊರಗೋಡಿದಳು. ಮೇಡಂ ಬಂದ್ ಮಾಡಿದಳು. ತಂತಿಗಳನ್ನು ನೋಡಿದಳು, ಕಣ್ಣು ನೋಡಿದಳು, ಪೆಟ್ಟಿಗೆ ಬಿಚ್ಚಿ ಸ್ಪೀಕರು ನೋಡಿದಳು. ಮತ್ತೆ ಹಾಕಿದರೆ ಮತ್ತೆ ಅದೇ. ಅವಳ ಮುಖ ಸಣ್ಣದಾಯಿತು. ನಿನ್ನೆ ಸರಿಯಿದ್ದದ್ದು ಇವತ್ತು ಏನಾಯಿತು ಎಂದು ತನ್ನಷ್ಟಕ್ಕೆ ಅಂದುಕೊಳ್ಳುತ್ತ, ಕೊನೆಗೆ ಸ್ಟೂಲು ಹತ್ತಿ ಬ್ಯಾಟರಿಯ ಬೆಳಕು ಬಿಟ್ಟು ಛತ್ರಿಯ ಅಂಚು ನೋಡಿದಳು.

ಅವಳ ಭುಜಗಳು ಅಲುಗಿದವು. ಅಳುತ್ತಿದ್ದಾಳೆಂದು ನಾನು ಹೆದರಿದೆ. ನಗುತ್ತಿದ್ದಳು.

"ಕಿವಿಗಿ ವಿಭೂತಿ ಯಾರು ಹಚ್ಚೀರಿ?"

ಮಸ್ಲಿನ್ ಟೊಪ್ಪಿಗೆಯ ಮೇಲೆ ಮೂರು ಬೆರಳಿನ ವಿಭೂತಿ ಒಣಗಿ ಗಚ್ಚಿನಂತೆ ಗಟ್ಟಿಯಾಗಿತ್ತು, ನಡುವೆ ಕುಂಕುಮ. ಕಿವಿಗೆ ಅರ್ಧಂಬರ್ಧ, ಅದೂ ತಡವಾಗಿ ಕೇಳಿಸಿದೆ. ತಡವಾಗಿ ಕೇಳಿದ್ದನ್ನು ನಂಬಿ ಬಾಯಿ ತಡವಾಗಿ ನೂಕಿದೆ. ಜೋಕಾಲಿ ಮೇಲೆ ಹೋಗಿದೆ.

ಬಾಗಿಲಲ್ಲಿ ನಿಂತಿದ್ದ ಗೆಳತಿ ಇದನ್ನು ಕೇಳಿ ಕೆಳಗೆ ಕೂತುಬಿಟ್ಟಳು. "ನನ್ನ ಸಲುವಾಗಿ ಬಂದ ಮಶೀನು. ನಾನೇ ಅದರ ಕಿವಿ ಮುಚ್ಚಿದೆ ನೋಡು" ಎಂದಳು.

"ನಮ್ಮವ್ವ ಇಲ್ಲಿದ್ದಿದ್ರ ಅದರ ಮ್ಯಾಲ ಕಾಯೀನೂ ಒಡಿತಿದ್ಳು, ಸುಮ್ಕಿರ್ರಿ" ಎಂದಳು ಮೇಡಂ. 

ಇನ್ನು ಮುಂದೆ ಯಂತ್ರಕ್ಕೆ ಯಾರೂ ಕೈ ಹಚ್ಚಬಾರದು ಎಂದು ಅಧ್ಯಕ್ಷೆ ಅಲ್ಲೇ ಆಜ್ಞೆ ಹೊರಡಿಸಿದಳು. ಮೇಡಂ ಒಪ್ಪಲಿಲ್ಲ. ಪೂಜೆ ಬೇಡವೆಂದರೆ ನಡೆಯುವುದಿಲ್ಲ, ಪೂಜೆಯ ಜಾಗವನ್ನೇ ಬೇರೆ ಮಾಡಬೇಕು ಎಂದಳು. ಚಾಚಾನನ್ನು ಕರೆಸಿ, ಕಿವಿಯನ್ನು ಸಣ್ಣ ನಳಿಗೆಯೊಳಗೆ ಹಿಂದಕ್ಕೆ, ಕೈ ಮುಟ್ಟದಷ್ಟು ಎತ್ತರಕ್ಕೆ ಏರಿಸಿದಳು. ಅಲ್ಲಿ ಹಿಟ್ಟಿನ ಧೂಳೂ ತಾಗುವುದಿಲ್ಲ ಎಂದಳು. ಜಾಗ ಬದಲಾದ್ದರಿಂದ ಯಂತ್ರಕ್ಕೆ ಮತ್ತೆ ಮಳೆಯ ಸದ್ದಿನ ಪಾಠ ಮಾಡಿಸಿದಳು. ಚಾಚಾ ಹಿತ್ತಲಲ್ಲಿ ಬಿದ್ದಿದ್ದ ಪಾಲಿಶ್ ಮಾಡಿದ ಫರ್ಸಿಯ ತುಂಡೊಂದನ್ನು ಕಟ್ಟಿಗೆಯ ಪೆಟ್ಟಿಗೆಯ ಮುಂದೆ ಸ್ಕ್ರೂ ಹಾಕಿ ಕೂರಿಸಿದರು. ಈಗಲೂ ಪ್ರತಿ ಅಮಾಸಿಗೆ ವಿಭೂತಿ ಆ ಕಲ್ಲಿಗೇ.

ಅಷ್ಟರಲ್ಲಿ ಹೊತ್ತು ಇಳಿದಿತ್ತು. "ನಾಳಿ ಒಂದಿನ ಇರು" ಎಂದೆ ಗೆಳತಿಗೆ. ಅವಳು ಸೆರಗು ಕೊಡವಿಕೊಂಡು ಮನೆಯತ್ತ ನಡೆದಳು.

ಮರುದಿನ ಬಂದಳು, ಆದರೆ ಚೀಲದ ಜೊತೆ. ಅದನ್ನು ಬಾಗಿಲ ಬಳಿ ಇಟ್ಟು ಮೂರನೇ ಒಲೆಯ ಮುಂದೆ ಕೂತಳು. ಒಲೆಗಳೆಲ್ಲ ಹೊತ್ತಿದವು, ಫ್ಯಾನು ಗುಂಗುಟ್ಟಿತು, ಸಾಲಿನಲ್ಲಿ ಬಡಿತ ಶುರುವಾಯಿತು. ಮೇಡಂ ಮೂಲೆಯಲ್ಲಿ ಲ್ಯಾಪ್‌ಟಾಪು ತೆರೆದು ಕೂತಿದ್ದಳು. ಈ ಸಲ ಹೇಳಿ ಕೇಳಿ ಗುಂಡಿ ಒತ್ತುವುದಿಲ್ಲ ಎಂದು ಮೊದಲೇ ತೀರ್ಮಾನಿಸಿದ್ದಳಂತೆ. ಎಲ್ಲರೂ ಉಸಿರು ಹಿಡಿದು ಕಾಯುವುದು ಅವಳಿಗೆ ಸಾಕಾಗಿತ್ತು.

ನಾನು ತಲೆ ಬಗ್ಗಿಸಿ ಬಡಿಯುತ್ತಿದ್ದೆ. ಚೀಲದ ಕಡೆ ನೋಡಬಾರದೆಂದು ಕಣ್ಣನ್ನು ರೊಟ್ಟಿಯ ಮೇಲೇ ಇಟ್ಟಿದ್ದೆ. ಮನಸ್ಸು ತಡೆಯಲೆಂದೋ ಏನೋ ಅವ್ವನ ಪದ ಬಾಯಿಗೆ ಬಂತು. ತವರಿಗೆ ಹೊರಟ ಮಗಳು ಕಾಗಿಣಾ ಹೊಳೆಯ ದಂಡೆಯಲ್ಲಿ ಅಂಬಿಗನನ್ನು ಕರೆಯುವ ಪದ ಅದು. ಮೊದಲ ನುಡಿ ಮುಗಿದು ಎರಡನೆಯದಕ್ಕೆ ಹೋದೆ. ಆ ನುಡಿಯ ನಡುವೆ ಎಲ್ಲೋ ನನ್ನ ದನಿ ನನಗೆ ದೊಡ್ಡದಾಗಿ ಕೇಳಿತು. ಬಡಿತ ಕೇಳುತ್ತಿತ್ತು, ಕಟ್ಟಿಗೆ ಚಟಪಟ ಅನ್ನುವುದು ಕೇಳುತ್ತಿತ್ತು, ಗಾಳಿಯ ಸುಯ್ಯೂ ಇತ್ತು. ಅದರ ಕೆಳಗೆ ಇದ್ದದ್ದು ಮಾತ್ರ ಇರಲಿಲ್ಲ. ಬಟ್ಟಲಿನ ನೀರು ಕನ್ನಡಿಯಂತೆ ನಿಂತಿತ್ತು.

ತಲೆ ಎತ್ತಿದೆ. ಸಾಲಿನಲ್ಲಿದ್ದವರೆಲ್ಲ ಕೈ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ಹಾಡು ಅಲ್ಲೇ ಕಡಿಯಿತು. ಮುಖಕ್ಕೆ ಒಲೆಯ ಕಾವಿಗಿಂತ ಹೆಚ್ಚಿನ ಕಾವು ಏರಿತು.

"ಇಷ್ಟ್ ದಿನ ಇದನ್ನ ಫ್ಯಾನಿನ ಕೆಳಗ ಮುಚ್ಚಿಟ್ಟಿದ್ದೇನು?" ಎಂದಳು ಅಧ್ಯಕ್ಷೆ.

ಗೆಳತಿ ಅವಳಿಗೆ ಕೈ ಮಾಡಿ ಸುಮ್ಮನಾಗಿಸಿದಳು. ಅವಳ ಹಣೆಯಲ್ಲಿ ಗಂಟು ಇರಲಿಲ್ಲ. ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, ಇನ್ನೊಂದು ಮುದ್ದೆ ಕೈಗೆ ತಗೊಂಡಳು.

"ಆಕಿ ಹೊಳಿ ದಾಟಿದಳೋ ಇಲ್ಲೋ?"

ನಾನು ಬಗ್ಗಿ ಒಲೆಗೆ ಕಟ್ಟಿಗೆ ನೂಕಿದೆ.

"ನಿನ್ನನ್ನೇ ಕೇಳ್ಲಿಕತ್ತೀನಿ, ಮೂಕಿ. ದಾಟಿದಳೋ ಇಲ್ಲೋ?"

"ಇನ್ನಾ ಇಲ್ಲ. ಪದ ಭಾಳ ಉದ್ದ ಅದ" ಎಂದೆ.

"ಹಾಡು ಮತ್ತ."

ಹಾಡಿದೆ. ಮೊದಲು ದನಿ ನಡುಗಿತು. ಬಡಿತದ ಜೊತೆ ಸೇರಿದ ಮೇಲೆ ಸರಿಯಾಯಿತು. ರೊಟ್ಟಿಯ ಕೊನೆಯ ಮುದ್ದೆ ಮುಗಿಯುವಾಗಲೂ ಹುಡುಗಿ ಹೊಳೆಯ ನಡುವೆಯೇ ಇದ್ದಳು. ಒಲೆ ಆರಿಸಿದೆವು. ಗೆಳತಿ ಕೈ ತೊಳೆದುಕೊಂಡು, ಸೆರಗಿಗೆ ಒರೆಸಿಕೊಳ್ಳುತ್ತ ಬಾಗಿಲ ಬಳಿ ಹೋಗಿ ಚೀಲ ಎತ್ತಿಕೊಂಡಳು. ಭಾರವಿತ್ತು. ಅದನ್ನು ತಂದು ನನ್ನ ಕೈಗೆ ಕೊಟ್ಟಳು.

"ಮನೀ ತನಕ ನೀ ಹೊರು" ಎಂದಳು. "ಉಳಿದಿದ್ದು ನಾಳಿ ಹಾಡು."